ಹಳೇ ಪಾಲಿಯೋ ಕಾರಿಗೆ ಬರೀ ಸ್ಪ್ರಿಂಗ್ ಹಾಕಿಸಿ ನಾನು ಕೆಟ್ಟ ಕಥೆ

ಪುಣೆಯಲ್ಲಿ ಹಳೇ ಕಾರು ಪ್ರೀತಿಯಿಂದ ಸಾಕ್ತಾ ಇರೋ ನಮ್ಮ ಕನ್ನಡದವರಿಗೆ ಇದು. ಶಾಕ್ ಅಬ್ಸಾರ್ಬರ್ ಮುಟ್ಟದೆ ಬರೀ ಸ್ಪ್ರಿಂಗ್ ಬದಲಿಸಬೇಡಿ. ನಾನು ಬದಲಿಸಿದೆ. ಎಂಟು ತಿಂಗಳಲ್ಲಿ ಎರಡು ಟೈರು ಹೋದವು, ಒಂದೇ ಕೆಲಸಕ್ಕೆ ಮೂರು ಸಲ ಲೇಬರ್ ಕೊಟ್ಟೆ.

ನನ್ನದು 2003ರ ಫಿಯೆಟ್ ಪಾಲಿಯೋ 1.6. ಇದನ್ನ ಸ್ಪೋರ್ಟ್ಸ್ ಕಾರ್ ಅಂದರೆ ನಗೋರು ನಗಲಿ. ಆ ಕಾಲಕ್ಕೆ 16 ವಾಲ್ವ್, 100 ಕುದುರೆ ಶಕ್ತಿ, ಜಾಹೀರಾತಿನಲ್ಲಿ ಸಚಿನ್. ಕೊಥ್ರೂಡ್‌ನಿಂದ ಧಾರವಾಡಕ್ಕೆ ಹೋಗಿಬರೋಕೆ ನನಗೆ ಇವತ್ತಿಗೂ ಇದೇ ಬೇಕು.

20 ವರ್ಷ ಆದಮೇಲೆ ತಿರುವಿನಲ್ಲಿ ಹುಲ್ಲಿನ ಬಂಡಿ ಥರ ವಾಲೋಕೆ ಶುರು ಮಾಡ್ತು. ಹಂಪ್ ದಾಟಿದ ಮೇಲೂ ಎರಡು ಮೂರು ಸಲ ಕುಣಿಯೋದು. ಸ್ಪ್ರಿಂಗ್ ಸೋತಿದೆ ಅಂತ ನಾನೇ ತೀರ್ಮಾನ ಮಾಡಿಬಿಟ್ಟೆ. ಮೊದಲ ತಪ್ಪು ಅದೇ. ಗಾಡಿಯ ಭಾರ ಹೊರೋದು ಸ್ಪ್ರಿಂಗ್, ಆ ಸ್ಪ್ರಿಂಗ್ ಕುಣಿಯೋದನ್ನ ನಿಲ್ಲಿಸೋದು ಶಾಕ್. ಕುಣಿತ ನಿಲ್ತಿಲ್ಲ ಅಂದರೆ ಸತ್ತಿರೋದು ಯಾವುದು ಹೇಳಿ?

ಪಿಂಪ್ರಿ ಕಡೆಯ ಒಂದು ಅಂಗಡಿಯವನು 40 ಮಿಲಿಮೀಟರ್ ಕೆಳಗಿಳಿಸೋ ಕೆಂಪು ಬಣ್ಣದ ಸ್ಪ್ರಿಂಗ್ ತೋರಿಸಿದ. ‘ಸ್ಟಾಕ್ ಶಾಕ್, ಅಂದ್ರೆ ಕಂಪನಿ ಶಾಕ್ ಮೇಲೇ ಕೂರುತ್ತೆ, ಸುಮ್ನೆ ದುಡ್ಡು ಯಾಕೆ ಹಾಳು ಮಾಡ್ತೀರಿ’ ಅಂದ. ನಾಲ್ಕಕ್ಕೆ ಹದಿನಾಲ್ಕು ಸಾವಿರ. ನಿಜ ಹೇಳಬೇಕಂದ್ರೆ, ನೋಡೋಕೆ ಗಾಡಿ ಭಾರಿ ಚೆಂದ ಕಂಡಿತು. ಒಂದು ವಾರ ಪಾರ್ಕಿಂಗ್‌ನಲ್ಲಿ ನಿಲ್ಲಿಸಿ ತಿರುತಿರುಗಿ ನೋಡಿದ್ದೇ ನೋಡಿದ್ದು.

ಆಮೇಲೆ ಒಂದು ಸಂಜೆ ಕಾತ್ರಜ್ ಘಾಟಿನಲ್ಲಿ ಇಳೀತಾ ಇದ್ದೆ. ತಿರುವಿನ ಮಧ್ಯೆ ಒಂದು ಸಣ್ಣ ಗುಂಡಿ, ದೊಡ್ಡದೇನಲ್ಲ. ಮುಂದಿನ ಚಕ್ರ ಧಡ್ ಅಂತ ಹೊಡೀತು, ಗಾಡಿ ಒಂದಡಿ ಪಕ್ಕಕ್ಕೆ ಹಾರಿ ಕೂತಿತು. ಎದುರಿಗೆ ಟೆಂಪೋ ಇರಲಿಲ್ಲ, ನನ್ನ ಪುಣ್ಯ. ಆಗಿದ್ದು ಇಷ್ಟೇ: ಗಾಡಿ 40 ಮಿಲಿಮೀಟರ್ ಇಳಿದರೆ ಶಾಕಿನ ರಾಡು ನಿಂತಲ್ಲೇ ಅಷ್ಟು ಒಳಗೆ ಹೋಗಿರುತ್ತೆ. ಚಕ್ರ ಮೇಲೆ ಹೋಗೋಕೆ ಉಳಿಯೋ ಜಾಗ ಕಮ್ಮಿ. ಗುಂಡಿ ಸಿಕ್ಕ ತಕ್ಷಣ ಬಂಪ್ ಸ್ಟಾಪ್ ಅನ್ನೋ ಕೊನೆಯ ತಡೆ ರಬ್ಬರಿಗೆ ಹೋಗಿ ಗುದ್ದುತ್ತೆ. ಆ ಕ್ಷಣ ಆ ಚಕ್ರಕ್ಕೆ ಸ್ಪ್ರಿಂಗೇ ಇಲ್ಲದ ಹಾಗೆ, ಹಿಡಿತ ತಪ್ಪುತ್ತೆ.

ಆಗಲಾದರೂ ಬುದ್ಧಿ ಬಂತಾ? ಇಲ್ಲ. ಶಾಕಿನಿಂದ ಎಣ್ಣೆ ಸೋರ್ತಾ ಇದೆ ಅಂತ ಗೊತ್ತಾದಾಗ ನಾನಾ ಪೇಠ್‌ನಲ್ಲಿ ಒಬ್ಬರ ಹತ್ತಿರ ರಿಪೇರಿ ಮಾಡಿಸಿದೆ. ಕೊರೆದು, ದಪ್ಪ ಎಣ್ಣೆ ತುಂಬಿ, ವೆಲ್ಡ್ ಮಾಡಿ ಕೊಟ್ಟರು. ಮೂರು ವಾರ ಕಲ್ಲಿನ ಥರ ಗಟ್ಟಿ, ನಾಲ್ಕನೇ ವಾರ ಮತ್ತೆ ಸೋರಿಕೆ.

ಕೊನೆಗೆ ಗೆಳೆಯರೊಬ್ಬರು ವಿಜಯಪುರದ ಕಡೆಯ ಒಬ್ಬ ಮೇಸ್ತ್ರಿಯ ಹತ್ತಿರ ಕಳಿಸಿದರು. ಗಾಡಿ ಲಿಫ್ಟ್ ಮೇಲೆ ಹೋಯ್ತು, ಚಕ್ರ ಜೋತುಬಿದ್ದವು. ಅವರು ಮುಂದಿನ ಸ್ಪ್ರಿಂಗನ್ನ ಎರಡು ಬೆರಳಲ್ಲಿ ಹಿಡಿದು ಬಳೆ ತಿರುಗಿಸಿದ ಹಾಗೆ ಗರಗರ ತಿರುಗಿಸಿದರು. ‘ನೋಡ್ರೀ ಸಾಹೇಬ್ರ, ಸೀಟ್ ಬಿಟ್ಟು ಬಂದೈತಿ. ಚಕ್ರ ಗಾಳ್ಯಾಗ ಹೋದಾಗ ಇದು ಸರದು ಅಡ್ಡಡ್ಡ ಕುಂತ್ರ ಏನ್ ಮಾಡ್ತೀರಿ?’ ಸೀಟ್ ಅಂದರೆ ಸ್ಪ್ರಿಂಗಿನ ತುದಿ ಕೂರೋ ಜಾಗ. ನನ್ನ ಹತ್ತಿರ ಉತ್ತರ ಇರಲಿಲ್ಲ. ಟೈರಿನ ಒಳಗಡೆ ಕೈ ಆಡಿಸಿ ಅಂದರು. ಹೊರಗಡೆ ಚೆನ್ನಾಗಿಯೇ ಇದ್ದ ಟೈರಿನ ಒಳ ಅಂಚಿನಲ್ಲಿ ತಂತಿ ಬೆರಳಿಗೆ ಚುಚ್ಚಿತು. ಎತ್ತರ ಬದಲಾದ ಮೇಲೆ ಚಕ್ರಗಳ ಕೋನ ಸರಿಮಾಡೋ ಅಲೈನ್‌ಮೆಂಟ್ ಮಾಡಿಸಬೇಕು ಅಂತ ಆ ಅಂಗಡಿಯವನು ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ.

ಸ್ಪ್ರಿಂಗಿನ ವಿಷಯದಲ್ಲಿ ಇನ್ನೊಂದು. ‘ಸ್ವಲ್ಪ ದಪ್ಪ ತಂತಿ ಅಷ್ಟೇ’ ಅನ್ನೋ ಮಾತನ್ನ ನಂಬಬೇಡಿ. ತಂತಿಯ ದಪ್ಪ ಲೆಕ್ಕಕ್ಕೆ ಬರೋದು ನಾಲ್ಕನೇ ಘಾತದಲ್ಲಿ. ಸುತ್ತು, ಅಗಲ ಎಲ್ಲ ಒಂದೇ ಇದ್ದು 12 ಮಿಲಿಮೀಟರ್ ತಂತಿ 13 ಆದರೆ ಸ್ಪ್ರಿಂಗ್ ಸುಮಾರು 38 ಪರ್ಸೆಂಟ್ ಗಟ್ಟಿ! ಅಷ್ಟು ಗಟ್ಟಿ ಸ್ಪ್ರಿಂಗ್ ವಾಪಸ್ ಚಿಮ್ಮೋದನ್ನ ಹಳೇ ಶಾಕ್ ಹೇಗೆ ತಡೆಯುತ್ತೆ? ಹಳೇ ಸ್ಪ್ರಿಂಗಿನ ಸುತ್ತು ಕತ್ತರಿಸಿ ಗಾಡಿ ಇಳಿಸೋ ಮಹಾನುಭಾವರೂ ಇದ್ದಾರೆ. ಸುತ್ತು ಕಮ್ಮಿಯಾದರೂ ಸ್ಪ್ರಿಂಗ್ ಗಟ್ಟಿಯಾಗುತ್ತೆ, ಮೇಲಾಗಿ ಕತ್ತರಿಸಿದ ತುದಿ ಸೀಟಿನಲ್ಲಿ ಸರಿಯಾಗಿ ಕೂರಲ್ಲ. ಅವರ ಗಾಡಿ ಹಿಂದೆ ಹೋಗಬೇಡಿ, ಅಷ್ಟೇ.

ಈಗ ಕಂಪನಿ ಎತ್ತರದ ಸ್ಪ್ರಿಂಗ್, ಅದಕ್ಕೆ ಹೊಂದೋ ಹೊಸ ಶಾಕ್ ನಾಲ್ಕೂ ಒಟ್ಟಿಗೆ ಹಾಕಿಸಿದ್ದೀನಿ. ಸ್ಟ್ರಟ್ (ಸ್ಪ್ರಿಂಗ್, ಶಾಕ್ ಒಟ್ಟಿಗಿರೋ ಜೋಡಣೆ) ಬಿಚ್ಚಿದಾಗಲೇ ಅದರ ಮೇಲ್ತುದಿ ಹಿಡಿಯೋ ಟಾಪ್ ಮೌಂಟ್, ಬೇರಿಂಗ್, ಬಂಪ್ ಸ್ಟಾಪ್, ಧೂಳಿನ ಬೂಟು ಎಲ್ಲ ಹೊಸದು. ಲೇಬರ್ ಹೇಗಿದ್ರೂ ಒಂದೇ ಅಲ್ವಾ? ಇನ್ನೊಂದನ್ನ ನಿಂತು ನೋಡಿ: ಚಕ್ರವನ್ನ ಕೆಳಗಡೆ ಗಾಡಿಗೆ ಜೋಡಿಸೋ ಲೋಯರ್ ಆರ್ಮಿನ ಬೋಲ್ಟುಗಳನ್ನ ಕೊನೇ ಸಲ ಬಿಗಿ ಮಾಡಬೇಕಾದ್ದು ಗಾಡಿಯ ಭಾರ ಚಕ್ರದ ಮೇಲೆ ಕೂತಮೇಲೆ. ಚಕ್ರ ಜೋತಾಡ್ತಿರುವಾಗ ಬಿಗಿದರೆ ಅದರ ಕೀಲಿನಲ್ಲಿರೋ ಬುಶ್ಶಿನ ರಬ್ಬರು ಯಾವಾಗಲೂ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತೆ. ನಮ್ಮ ಮೇಸ್ತ್ರಿ ಇದಕ್ಕೇ ಅರ್ಧ ಗಂಟೆ ಗಾಡಿಯ ಕೆಳಗೆ ಮಲಗಿದ್ದರು.

ಕೆಂಪು ಸ್ಪ್ರಿಂಗ್ ನಾಲ್ಕೂ ಬಾಲ್ಕನಿಯಲ್ಲಿ ಬಿದ್ದಿವೆ. ಒಂದರ ಮೇಲೆ ಮನೆಯವಳು ತುಳಸಿ ಕುಂಡ ಇಟ್ಟಿದ್ದಾಳೆ. ಮೊನ್ನೆ ಪಕ್ಕದ ಸೊಸೈಟಿಯ ಹುಡುಗ ಬಂದು ‘ಅಂಕಲ್, ಮಾರ್ತೀರಾ?’ ಅಂದ. ಗುಜರಿಗೆ ಬೇಕಾದ್ರೆ ಕೊಡ್ತೀನಿ, ನಿನ್ನ ಗಾಡಿಗೆ ಕೊಡಲ್ಲ ಅಂದೆ.