ಶುಗರ್‌ಗೆ ಅಂತ ಕೊಡೋ ಹೆಸರಿಲ್ಲದ ಪುಡಿ ತಗೋಬೇಡ್ರಿ

ದಾವಣಗೆರೆ, ಚಿತ್ರದುರ್ಗ ಕಡೆ ಸಂತೇಲಿ, ಮನೆಬಾಗಿಲಲ್ಲಿ ಶುಗರ್‌ಗೆ, ಮಂಡಿನೋವಿಗೆ ಅಂತ ಪುಡಿ ಮಾರೋರ ಹತ್ರ ತಗೊಳ್ಳೋರು ಇದನ್ನ ಪೂರ್ತಿ ಓದ್ರಿ, ಅಂಥ ಪುಡೀಲಿ ಸೀಸ, ಅಂದ್ರೆ ಲೆಡ್ ಅನ್ನೋ ವಿಷದ ಲೋಹ, ಇರ್ಬಹುದು. ನಮ್ಮ ಚಿಗಪ್ಪಂದು ದಾವಣಗೆರೇಲಿ ದಿನಸಿ ಅಂಗಡಿ, ಶುಗರ್ ಐತೆ, ಮಾತ್ರೆ ನುಂಗಿ ನುಂಗಿ ಬೇಜಾರಾಗಿ ಒಬ್ಬ ನಾಟಿ ಔಷಧಿಯವನ ಹತ್ರ ಬೂದಿ ಬಣ್ಣದ ಪುಡಿ ತರ್ತಿದ್ರು. ಪೇಪರ್ ಪೊಟ್ಟಣ, ಮೇಲೆ ಹೆಸರಿಲ್ಲ ಏನಿಲ್ಲ, ಚಿಟಿಕೆ ಪುಡಿ ಜೇನುತುಪ್ಪದಲ್ಲಿ ಕಲಸಿ ನೆಕ್ಕೋದು.

ಮೊದ್ಲು ಹೊಟ್ಟೆ ಹಿಂಡಿದಂಗೆ ನೋವು, ಮಲಬದ್ಧತೆ, ಗ್ಯಾಸ್ ಇರ್ಬೇಕು ಅಂದ್ಕೊಂಡ್ರು. ಆಮೇಲೆ ಸುಮ್‌ಸುಮ್ನೆ ಸಿಟ್ಟು, ನಿದ್ದೆ ಇಲ್ಲ, ಗಿರಾಕಿಗೆ ಚಿಲ್ಲರೆ ಕೊಟ್ಟು ಮತ್ತೆ ಕೊಡಾಕೆ ಎಣಿಸೋರು. ಒಂದಿನ ಸಂಜೆ ಮಂಡಕ್ಕಿ ತಿಂತಾ ಕೂತೋರು ಹಂಗೇ ಪಕ್ಕಕ್ಕೆ ಬಿದ್ರು, ಕೈಕಾಲು ಸೆಟೆದು ಅದುರಾಕೆ ಶುರು, ಬಾಯಲ್ಲಿ ನೊರೆ. ಸುತ್ತ ನಿಂತೋರೆಲ್ಲ ಬೀಗದಕೈ ಕೊಡ್ರಿ, ಕಬ್ಬಿಣ ಕೊಡ್ರಿ ಅಂತಾರೆ, ತಲೇಲಿ ಸೀಸ ಸೇರ್ಕೊಂಡೋರಿಗೆ ಕೈಗೆ ಕಬ್ಬಿಣ ಕೊಟ್ರೆ ಏನಾಗ್ಬೇಕು! ಫಿಟ್ಸ್ ಬಂದೋರನ್ನ ಪಕ್ಕಕ್ಕೆ ಹೊರಳಿಸ್ರಿ, ಬಾಯಿಗೆ ಏನೂ ತುರುಕಬೇಡ್ರಿ, ಬೇಗ ಆಸ್ಪತ್ರೆಗೆ ಹಾಕ್ರಿ.

ಸ್ಕ್ಯಾನ್‌ನಲ್ಲಿ ಗೆಡ್ಡೆ ಇಲ್ಲ, ರಕ್ತಸ್ರಾವ ಇಲ್ಲ. ಆದ್ರೆ ಮೈಯಲ್ಲಿ ರಕ್ತ ಕಮ್ಮಿ, ಒಸಡಿನ ಅಂಚಲ್ಲಿ ಸಣ್ಣಗೆ ನೀಲಿ ಗೆರೆ. ಅದನ್ನ ನೋಡಿದ ಡಾಕ್ಟ್ರಮ್ಮ "ಭಸ್ಮ ಗಿಸ್ಮ ಏನಾದ್ರೂ ತಿಂತಾರೇನ್ರೀ" ಅಂತ ಕೇಳಿದ್ರು, ರಕ್ತದಲ್ಲಿ ಸೀಸ ಎಷ್ಟೈತೆ ಅಂತ ಟೆಸ್ಟ್ ಬರೆದ್ರು. ಒಂದು ಡೆಸಿಲೀಟರ್ (100 ಮಿಲಿ) ರಕ್ತದಲ್ಲಿ 5 ಮೈಕ್ರೋಗ್ರಾಂ ಸೀಸ ಇದ್ರೇನೇ ಎಲ್ಲಿಂದ ಬಂತು ಅಂತ ಹುಡುಕ್ಬೇಕಂತೆ, ಇವರದ್ದು 100 ದಾಟಿತ್ತು.

ಸೀಸ ಮೈಯೊಳಗೆ ಕ್ಯಾಲ್ಸಿಯಂ ವೇಷ ಹಾಕ್ಕೊಂಡು ಓಡಾಡ್ತದೆ. ಬೇಡದ್ದೆಲ್ಲ ಮೆದುಳಿಗೆ ನುಗ್ಗದಂಗೆ ತಡೆಯೋ ರಕ್ತನಾಳದ ಗೋಡೆ ಐತಲ್ಲ, ಅದನ್ನೂ ದಾಟ್ತದೆ, ಜಾಸ್ತಿ ಆದ್ರೆ ಆ ಗೋಡೇನೇ ಸೋರಿ ಮೆದುಳು ಊದ್ಕೊಳ್ತದೆ, ನರಗಳ ಸಿಗ್ನಲ್ ನಡೆಯೋದೇ ಕ್ಯಾಲ್ಸಿಯಂ ಮೇಲೆ, ಅದೂ ಹದಗೆಟ್ಟು ಫಿಟ್ಸ್ ಬರ್ತದೆ. ಮಕ್ಕಳ ಮೈ ಅಂತೂ ದೊಡ್ಡೋರಿಗಿಂತ 4–5 ಪಟ್ಟು ಸೀಸ ಹೀರ್ಕೊಳ್ತದೆ, ದಯವಿಟ್ಟು ಕೂಸುಗಳಿಗೆ ಇಂಥದ್ದನ್ನ ನೆಕ್ಕಿಸಬೇಡ್ರಿ.

ನಾನೇನು ಆಯುರ್ವೇದಾನೇ ಬೈತಿಲ್ಲ. ಡಬ್ಬಿ ಮೇಲೆ ಲೈಸೆನ್ಸ್ ನಂಬರ್, ಬ್ಯಾಚ್ ನಂಬರ್, ಒಳಗೆ ಏನೈತೆ ಅಂತ ಬರೆದಿರ್ಬೇಕು, ಓದಿರೋ ವೈದ್ಯರು ಬರ್ಕೊಟ್ಟಿರ್ಬೇಕು. ಫಿಟ್ಸ್ ಮಾತ್ರೆ ಅದುರೋದನ್ನ ನಿಲ್ಲಿಸ್ತದೆ, ಸೀಸ ತೆಗಿಯಲ್ಲ, ಅದಕ್ಕೆ ಕೀಲೇಷನ್ ಅಂತ ಬೇರೆ ಔಷಧಿ ಕೊಟ್ಟು ಮೂತ್ರದಲ್ಲಿ ಹೊರಗೆ ಹಾಕಿಸ್ತಾರೆ, ಮೂಳೇಲಿ ಕೂತಿದ್ದು ವರ್ಷಗಟ್ಲೆ ಅಲ್ಲೇ ಇರ್ತದೆ.

ಚಿಗಪ್ಪಂಗೆ ಈಗ ಫಿಟ್ಸ್ ಇಲ್ಲ, ಅಂಗಡಿ ಲೆಕ್ಕ ಮಾತ್ರ ಮಗ ನೋಡ್ತಾನೆ. ಪುಡಿ ಕೊಟ್ಟೋನು ಫೋನ್ ಎತ್ತಲ್ಲ. ನಮ್ಮ ಓಣೀಲಿ ಇನ್ನೂ ಇಬ್ರು ಅವನ ಹತ್ರಾನೇ ತಗೊಳ್ತಿದ್ರು, ಅವರನ್ನೂ ಟೆಸ್ಟ್‌ಗೆ ಕಳ್ಸಿದೀವಿ, ರಿಪೋರ್ಟ್ ಬರ್ಬೇಕು.