ಹಾರ್ವರ್ಡ್‌ನ ಸಿಎಸ್50 ಎಐ ಕೋರ್ಸ್: ಮುಗಿಸಿ ವರ್ಷ ಕಳೆದ ಮೇಲೆ ಬರೆದ ವಿಮರ್ಶೆ

ಈ ಕೋರ್ಸಿಗೆ ಸೇರಬೇಕಾ ಬೇಡವಾ ಎಂದು ಕೇಳುವವರಿಗೆ ನನ್ನ ಉತ್ತರ ಇಷ್ಟೇ: ಪ್ರಾಜೆಕ್ಟುಗಳನ್ನು ಸ್ವಂತ ಕೈಯಿಂದ ಬರೆಯುವ ಮನಸ್ಸಿದ್ದರೆ ಇವತ್ತೇ ಶುರು ಮಾಡಿ. ಬರೀ ವಿಡಿಯೊ ನೋಡಿ ಮುಗಿಸುವ ಯೋಚನೆ ಇದ್ದರೆ ಬೇಡ. ನಾನು ಮೈಸೂರಿನ ಒಂದು ಚಿಕ್ಕ ಕಂಪನಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಮಾಡುತ್ತೇನೆ. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಕೋರ್ಸ್ ಮುಗಿಸಿ ವರ್ಷದ ಮೇಲಾಯಿತು. ಹೊಸತರ ಹುರುಪು ಇಳಿದಿದೆ. ಯಾವುದು ಇನ್ನೂ ಕೆಲಸಕ್ಕೆ ಬರುತ್ತಿದೆ, ಯಾವುದು ಅಲ್ಲೇ ಉಳಿಯಿತು ಅಂತ ಈಗ ಸಮಾಧಾನವಾಗಿ ಹೇಳಬಹುದು.

ಗೊತ್ತಿಲ್ಲದವರಿಗೆ ಒಂದಿಷ್ಟು ಪರಿಚಯ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಿಎಸ್50 (ಅಲ್ಲಿನ ಕಂಪ್ಯೂಟರ್ ಸೈನ್ಸ್ ಪರಿಚಯದ ಕೋರ್ಸ್) ತಂಡ 2020ರಲ್ಲಿ ಇದನ್ನು ಎಲ್ಲರಿಗೂ ತೆರೆಯಿತು. ಪಾಠ ಹೇಳುವವರು ಬ್ರಯಾನ್ ಯು. ಏಳು ಲೆಕ್ಚರ್, ಹನ್ನೆರಡು ಪ್ರಾಜೆಕ್ಟ್, ಎಲ್ಲವೂ ಪ್ರೋಗ್ರಾಮಿಂಗ್ ಭಾಷೆಯಾದ ಪೈಥಾನ್‌ನಲ್ಲಿ. ವಾರವಾರದ ಗಡುವು ಇಲ್ಲ, ಹಾಗಾಗಿ ಕೆಲಸಕ್ಕೆ ಹೋಗುವವರಿಗೂ ನಡೆಯುತ್ತದೆ. ತಂಡದ ಸ್ವಂತ ತಾಣದಲ್ಲಿ ಪಾಠ, ಪ್ರಾಜೆಕ್ಟ್, ಸರ್ಟಿಫಿಕೇಟ್ ಮೂರೂ ಉಚಿತ. ಎಡ್ಎಕ್ಸ್ ಎಂಬ ಆನ್‌ಲೈನ್ ಕೋರ್ಸ್ ತಾಣದ ಮೂಲಕ ದುಡ್ಡು ಕಟ್ಟಿ ಪಡೆಯುವ ಸರ್ಟಿಫಿಕೇಟ್ ಬೇರೆ ಇದೆ. ಪಾಠ ಎರಡರಲ್ಲೂ ಒಂದೇ ಆದ್ದರಿಂದ ನಾನು ಉಚಿತದ್ದನ್ನೇ ಆರಿಸಿಕೊಂಡೆ.

ಇಂಗ್ಲಿಷಿನ ಬಗ್ಗೆ ಹೆದರಿಕೆ ಬೇಡ. ಬ್ರಯಾನ್ ಯು ಮಾತು ಸ್ಪಷ್ಟ, ಒಂದೇ ಒಂದು ಅನಗತ್ಯ ವಾಕ್ಯ ಇರುವುದಿಲ್ಲ. ವೇಗ ಜಾಸ್ತಿ ಅನ್ನಿಸಿದರೆ ವಿಡಿಯೊ ವೇಗ ಇಳಿಸಿ ಕೇಳಬಹುದು. ಪ್ರತಿ ಲೆಕ್ಚರಿಗೂ ಬರಹದ ನೋಟ್ಸ್ ಇದೆ. ನಾನು ಮೊದಲು ನೋಟ್ಸ್ ಓದಿ, ಆಮೇಲೆ ವಿಡಿಯೊ ನೋಡುತ್ತಿದ್ದೆ. ನನ್ನಂಥವರಿಗೆ ಈ ಕ್ರಮ ಚೆನ್ನಾಗಿ ಹೊಂದುತ್ತದೆ.

ಎಐ ಅಂದರೆ ಈಗ ಎಲ್ಲರಿಗೂ ಚಾಟ್‌ಜಿಪಿಟಿ ನೆನಪಾಗುತ್ತದೆ. ಈ ಕೋರ್ಸ್ ಅಲ್ಲಿಂದ ಶುರುವಾಗುವುದಿಲ್ಲ. ಮೊದಲ ನಾಲ್ಕು ಲೆಕ್ಚರ್ ಪೂರ್ತಿ ಹಳೆಯ ಎಐ: ದಾರಿ ಹುಡುಕುವುದು, ತರ್ಕ, ಸಂಭವನೀಯತೆ, ಷರತ್ತುಗಳಿಗೆ ಹೊಂದುವ ಉತ್ತರ ಹುಡುಕುವುದು. ನ್ಯೂರಲ್ ನೆಟ್‌ವರ್ಕ್ (ಉದಾಹರಣೆಗಳನ್ನು ನೋಡಿ ತಾನೇ ಕಲಿಯುವ ಜಾಲ) ಬರುವುದು ಆರನೆಯದರಲ್ಲಿ. ಅಲ್ಲಿಗೆ ಬರುವ ಮುಂಚೆಯೇ ಬೇಸತ್ತು ಬಿಡುವವರು ಇದ್ದಾರೆ. ನನ್ನ ಅಭಿಪ್ರಾಯದಲ್ಲಿ ಕೋರ್ಸಿನ ಬೆಲೆ ಇರುವುದೇ ಆ ಮೊದಲ ನಾಲ್ಕರಲ್ಲಿ. ಅಲ್ಲಿ ಯಾವುದೂ ಮುಚ್ಚಿಟ್ಟಿರುವುದಿಲ್ಲ. ಕಂಪ್ಯೂಟರ್ ಯಾಕೆ ಈ ಉತ್ತರ ಕೊಟ್ಟಿತು ಎಂದು ಸಾಲು ಸಾಲಾಗಿ ತೋರಿಸಬಹುದು, ಯಾಕೆಂದರೆ ಆ ಸಾಲುಗಳನ್ನು ಬರೆದವರು ನೀವೇ.

ಮೈನ್‌ಸ್ವೀಪರ್ ಪ್ರಾಜೆಕ್ಟನ್ನೇ ತೆಗೆದುಕೊಳ್ಳಿ. ಹಳೆಯ ವಿಂಡೋಸ್‌ನಲ್ಲಿ ಆಡಿದ ಅದೇ ಆಟ. ಎಂಟು ಸಾಲು, ಎಂಟು ಕಾಲಂ, ಎಂಟು ಬಾಂಬ್. ಒಂದು ಮನೆ ತೆರೆದರೆ ಸುತ್ತಲಿನ ಮನೆಗಳಲ್ಲಿ ಎಷ್ಟು ಬಾಂಬ್ ಇವೆ ಎಂಬ ಸಂಖ್ಯೆ ಕಾಣುತ್ತದೆ. ಪ್ರೋಗ್ರಾಮು ಆ ಸಂಖ್ಯೆಯನ್ನು ಒಂದು ವಾಕ್ಯವಾಗಿ ನೆನಪಿಟ್ಟುಕೊಳ್ಳಬೇಕು: ಈ ಮನೆಗಳ ಗುಂಪಿನಲ್ಲಿ ಇಷ್ಟು ಬಾಂಬ್. ಎ, ಬಿ, ಸಿ ಮನೆಗಳಲ್ಲಿ ಒಟ್ಟು ಒಂದು ಬಾಂಬ್ ಇದೆ ಎಂದು ಗೊತ್ತು. ಎ, ಬಿ, ಸಿ, ಡಿ, ಇ ಮನೆಗಳಲ್ಲಿ ಒಟ್ಟು ಎರಡು ಎಂದೂ ಗೊತ್ತು. ಹಾಗಾದರೆ ಡಿ ಮತ್ತು ಇ ಎರಡರಲ್ಲಿ ಒಂದೇ ಒಂದು ಇರಬೇಕು, ಅಲ್ವಾ? ಇಷ್ಟೇ ಯುಕ್ತಿ. ಆದರೆ ಒಂದು ಹೊಸ ವಾಕ್ಯ ಹುಟ್ಟಿದ ಕೂಡಲೇ ಅದನ್ನು ಹಳೆಯ ಎಲ್ಲ ವಾಕ್ಯಗಳ ಜೊತೆ ಹೋಲಿಸಬೇಕು, ಅದರಿಂದ ಇನ್ನೊಂದು ಹುಟ್ಟುತ್ತದೆ, ಮತ್ತೆ ಹೋಲಿಸಬೇಕು. ಇನ್ನು ಹೊಸದೇನೂ ಸಿಗದು ಅನ್ನುವವರೆಗೆ ಇದು ನಡೆಯಬೇಕು. ಅದು ಸರಿಯಾದ ದಿನ ಪ್ರೋಗ್ರಾಮು ಒಂದೊಂದೇ ಮನೆ ತೆರೆಯುತ್ತಾ ಆಟ ಗೆದ್ದಿತು. ಗೊತ್ತಿರುವ ವಿಷಯದಿಂದ ಗೊತ್ತಿಲ್ಲದ ವಿಷಯಕ್ಕೆ ಯಂತ್ರ ಹೇಗೆ ಹೋಗುತ್ತದೆ ಎಂದು ಅವತ್ತು ಅರ್ಥವಾಯಿತು. ಯಾವ ಲೇಖನ ಓದಿದರೂ ಅಷ್ಟು ಅರ್ಥವಾಗಿರಲಿಲ್ಲ.

ನನ್ನನ್ನು ಅತಿ ಹೆಚ್ಚು ಹಿಡಿದಿಟ್ಟ ಪ್ರಾಜೆಕ್ಟ್ ಅಂದರೆ ಹೆರೆಡಿಟಿ. ಕಿವಿ ಕೇಳಿಸದಿರುವುದಕ್ಕೆ ಸಂಬಂಧಿಸಿದ ಜಿಜೆಬಿ2 ಎಂಬ ಜೀನಿನ ದೋಷವಿರುವ ರೂಪ ಒಂದು ಕುಟುಂಬದಲ್ಲಿ ಯಾರ್ಯಾರಿಗೆ ಇರಬಹುದು ಎಂದು ಲೆಕ್ಕ ಹಾಕುವುದು ಇಲ್ಲಿನ ಕೆಲಸ. ತಂದೆ, ತಾಯಿ, ಮಕ್ಕಳ ಪಟ್ಟಿ ಕೊಡುತ್ತಾರೆ. ಯಾರಿಗೆ ಲಕ್ಷಣ ಕಾಣಿಸಿದೆ, ಯಾರಿಗಿಲ್ಲ ಎಂದು ಕೆಲವರದು ಮಾತ್ರ ಗೊತ್ತಿರುತ್ತದೆ. ದೋಷವಿರುವ ಜೀನಿನ ಒಂದು ಪ್ರತಿ ಇರುವ ತಾಯಿ ಅದನ್ನು ಮಗುವಿಗೆ ದಾಟಿಸುವ ಸಂಭವ 0.5. ಎರಡು ಪ್ರತಿ ಇದ್ದರೆ 0.99, ಒಂದೂ ಇಲ್ಲದಿದ್ದರೆ 0.01. ಆ ಕೊನೆಯ ಸಣ್ಣ ಅಂಕಿ ಮ್ಯುಟೇಶನ್ನಿನ, ಅಂದರೆ ಜೀನ್ ತಾನಾಗಿ ಬದಲಾಗುವುದರ, ಲೆಕ್ಕ.

ಕೊಟ್ಟ ಕುಟುಂಬಗಳ ಲೆಕ್ಕ ಸರಿಬಂದ ಮೇಲೆ ನಾನು ಒಂದು ಕಾಲ್ಪನಿಕ ಕುಟುಂಬ ಮಾಡಿದೆ. ನಮ್ಮ ಕಡೆ ಸೋದರತ್ತೆ, ಸೋದರಮಾವನ ಮಕ್ಕಳ ಮಧ್ಯೆ ಮದುವೆ ಹಿಂದಿನಿಂದಲೂ ಇದೆಯಲ್ಲ, ಅಂಥದ್ದು. ಮಗು, ಅಪ್ಪ, ಅಮ್ಮ, ಎರಡೂ ಕಡೆಯ ಅಜ್ಜ ಅಜ್ಜಿಯರು, ಅವರಲ್ಲಿ ಅಣ್ಣ ತಂಗಿಯಾದ ಇಬ್ಬರ ಅಪ್ಪ ಅಮ್ಮ. ಒಟ್ಟು ಒಂಬತ್ತು ಜನ. ಪ್ರತಿಯೊಬ್ಬರಿಗೂ ಜೀನಿನ ಮೂರು ಸಾಧ್ಯತೆ, ಲಕ್ಷಣದ ಎರಡು ಸಾಧ್ಯತೆ, ಅಂದರೆ ಆರು. ಮೂರು ಜನರ ಕುಟುಂಬಕ್ಕೆ 216 ಸಾಧ್ಯತೆಗಳನ್ನು ನೋಡಿದರೆ ಸಾಕು. ಒಂಬತ್ತು ಜನಕ್ಕೆ ಅದು ಒಂದು ಕೋಟಿ ದಾಟುತ್ತದೆ. ಲ್ಯಾಪ್‌ಟಾಪ್ ಫ್ಯಾನ್ ಜೋರಾಗಿ ತಿರುಗತೊಡಗಿತು. ಎಲ್ಲ ಸಾಧ್ಯತೆಗಳನ್ನೂ ಎಣಿಸುತ್ತಾ ಕೂರದೆ ಸ್ಯಾಂಪಲ್ ತೆಗೆದು ಅಂದಾಜು ಮಾಡುವ ವಿಧಾನವನ್ನು ಅದೇ ಲೆಕ್ಚರಿನಲ್ಲಿ ಯಾಕೆ ಹೇಳಿಕೊಟ್ಟರು ಎಂದು ಆಗ ಮನವರಿಕೆಯಾಯಿತು. ಒಂದು ಮಾತು: ಈ ಪ್ರಾಜೆಕ್ಟಿನ ಅಂಕಿಗಳು ಕಲಿಯುವುದಕ್ಕೆ ಮಾತ್ರ. ಮನೆಯ ನಿಜವಾದ ಪ್ರಶ್ನೆಗೆ ಡಾಕ್ಟರ ಹತ್ತಿರವೇ ಹೋಗಬೇಕು.

ನಾಲ್ಕನೇ ಲೆಕ್ಚರಿನ ಪದಬಂಧದ ಪ್ರಾಜೆಕ್ಟ್ ಕನ್ನಡದವರಿಗೆ ಹಬ್ಬ. ಚೌಕದ ನಕ್ಷೆ ಮತ್ತು ಪದಪಟ್ಟಿ ಕೊಟ್ಟರೆ ಪ್ರೋಗ್ರಾಮೇ ಪದಬಂಧ ತುಂಬಬೇಕು. ಅಡ್ಡ ಪದ ಮತ್ತು ಉದ್ದ ಪದ ಕೂಡುವ ಮನೆಯಲ್ಲಿ ಒಂದೇ ಅಕ್ಷರ ಬರಬೇಕು. ಹಾಗೆ ಬರಲು ಸಾಧ್ಯವೇ ಇಲ್ಲದ ಪದಗಳನ್ನು ಮೊದಲೇ ತೆಗೆದು ಹಾಕಿ, ಉಳಿದವುಗಳಲ್ಲಿ ಒಂದೊಂದನ್ನೇ ಇಟ್ಟು ನೋಡಿ, ಕೂಡದಿದ್ದರೆ ಹಿಂದೆ ಬರುವುದು. ಇಂಗ್ಲಿಷ್ ಪಟ್ಟಿಯಲ್ಲಿ ಕೆಲಸ ಮುಗಿಸಿ ಸಲ್ಲಿಸಿದ ಮೇಲೆ ಕನ್ನಡದ ಪಟ್ಟಿ ಹಾಕಿದೆ. ಪೈಥಾನಿಗೆ 'ಕನ್ನಡ' ಅಂದರೆ ಐದು ಅಕ್ಷರ. ಕ, ನ, ಅರ್ಧಾಕ್ಷರದ ಚಿಹ್ನೆ, ಮತ್ತೆ ನ, ಡ. ನಮ್ಮ ಪದಬಂಧದಲ್ಲಿ ಅದಕ್ಕೆ ಮೂರೇ ಮನೆ. ಹಾಗಾಗಿ ಮೊದಲು ಪದವನ್ನು ಅಕ್ಷರಗಳಾಗಿ ಒಡೆಯುವ ಒಂದು ಚಿಕ್ಕ ಫಂಕ್ಷನ್ ಬರೆದೆ: ಸ್ವರಚಿಹ್ನೆ ಬಂದರೆ ಹಿಂದಿನದಕ್ಕೆ ಸೇರಿಸು, ಅರ್ಧಾಕ್ಷರದ ಚಿಹ್ನೆ ಬಂದರೆ ಮುಂದಿನ ವ್ಯಂಜನವನ್ನೂ ಸೇರಿಸು.

ಅದಾದ ಮೇಲೂ ನಕ್ಷೆ ತುಂಬಲಿಲ್ಲ. ಕಾರಣ ಹುಡುಕಿದಾಗ ಬಹಳ ಖುಷಿಯಾಯಿತು. ಇಂಗ್ಲಿಷಿನಲ್ಲಿ ಕೂಡುವ ಮನೆಗೆ 26 ಅಕ್ಷರಗಳಲ್ಲಿ ಒಂದು ಹೊಂದಿದರೆ ಸಾಕು. ನಮ್ಮಲ್ಲಿ 'ಕ' ಬೇರೆ, 'ಕಿ' ಬೇರೆ, 'ಕೋ' ಬೇರೆ. ಬರೀ ಕಾಗುಣಿತವನ್ನೇ ಲೆಕ್ಕ ಹಿಡಿದರೂ ನಾನೂರಕ್ಕಿಂತ ಜಾಸ್ತಿ, ಒತ್ತಕ್ಷರ ಬೇರೆ ಇದೆ. ಹೊಂದಿಕೆಯಾಗುವ ಸಂಭವ ಅಷ್ಟು ಕಡಿಮೆ. ಪದಪಟ್ಟಿ ತುಂಬಾ ದೊಡ್ಡದು ಮಾಡಿ, ನಕ್ಷೆಯಲ್ಲಿ ಕಪ್ಪು ಮನೆ ಹೆಚ್ಚಿಸಿದ ಮೇಲೆ ತುಂಬಿತು. ದಿನಪತ್ರಿಕೆಗೆ ಕನ್ನಡ ಪದಬಂಧ ಕಟ್ಟುವವರ ಮೇಲೆ ಗೌರವ ಇಮ್ಮಡಿಯಾಯಿತು. ಆ ಪ್ರೋಗ್ರಾಮನ್ನು ಈಗಲೂ ಬಳಸುತ್ತೇನೆ. ನಮ್ಮ ಬೀದಿಯ ಮಕ್ಕಳಿಗೆ ರಜೆಯಲ್ಲಿ ಪದಬಂಧ ಮಾಡಿಕೊಡುತ್ತೇನೆ.

ಉಳಿದವನ್ನು ಬೇಗ ಹೇಳುತ್ತೇನೆ. ಪೇಜ್‌ರ‍್ಯಾಂಕ್ ವೆಬ್ ಪುಟಗಳ ಮಹತ್ವ ಅಳೆಯುವ ಪ್ರಾಜೆಕ್ಟ್, ಚಿಕ್ಕದು, ಚೊಕ್ಕ. ನಿಮ್ ಎಂಬ ಆಟವನ್ನು ಪ್ರೋಗ್ರಾಮು ತನ್ನೊಂದಿಗೆ ತಾನೇ 10,000 ಸಲ ಆಡಿ ಕಲಿಯುತ್ತದೆ, ನೋಡಲು ಚೆಂದ. ಟ್ರಾಫಿಕ್ ಪ್ರಾಜೆಕ್ಟಿನಲ್ಲಿ ಜರ್ಮನಿಯ ರಸ್ತೆ ಫಲಕಗಳ ಚಿತ್ರಗಳನ್ನು 43 ಬಗೆಯಾಗಿ ಗುರುತಿಸಬೇಕು. ನ್ಯೂರಲ್ ನೆಟ್‌ವರ್ಕಿನ ಪದರಗಳನ್ನು ಬದಲಾಯಿಸುತ್ತಾ ಏನು ಮಾಡಿದರೆ ಏನಾಯಿತು ಎಂದು ಬರೆದಿಡಬೇಕು. ಆ ಬರೆದಿಡುವ ಅಭ್ಯಾಸ ಒಳ್ಳೆಯದು.

ಆಫೀಸಿನಲ್ಲಿ ನನಗೆ ನಿತ್ಯ ಬೇಕಾಗುವ ಪಾಠ ಸಿಕ್ಕಿದ್ದು ಮಾತ್ರ ಶಾಪಿಂಗ್ ಎಂಬ ಪ್ರಾಜೆಕ್ಟಿನಲ್ಲಿ. ಆನ್‌ಲೈನ್ ಅಂಗಡಿಗೆ ಬಂದವರು ಕೊಳ್ಳುತ್ತಾರಾ ಇಲ್ಲವಾ ಎಂದು ಊಹಿಸಬೇಕು. ಸುಮಾರು 12,000 ಭೇಟಿಗಳ ದತ್ತಾಂಶ ಕೊಟ್ಟಿರುತ್ತಾರೆ. ಬಂದವರಲ್ಲಿ ಹೆಚ್ಚಿನವರು ಕೊಳ್ಳುವುದಿಲ್ಲ. ಹಾಗಿದ್ದಾಗ ಎಲ್ಲರಿಗೂ 'ಕೊಳ್ಳುವುದಿಲ್ಲ' ಅಂದುಬಿಟ್ಟರೂ ಬಹುಪಾಲು ಸರಿಯೇ ಬರುತ್ತದೆ! ಅದಕ್ಕೇ ಇಲ್ಲಿ ಎರಡು ಅಂಕಿ ಕೇಳುತ್ತಾರೆ: ಕೊಂಡವರಲ್ಲಿ ಎಷ್ಟು ಜನರನ್ನು ಸರಿಯಾಗಿ ಹಿಡಿದೆ, ಕೊಳ್ಳದವರಲ್ಲಿ ಎಷ್ಟು ಜನರನ್ನು ಸರಿಯಾಗಿ ಹಿಡಿದೆ. ಸಾಫ್ಟ್‌ವೇರಿನ ದೋಷಗಳನ್ನು ತಾನೇ ಹುಡುಕುವ ಎಐ ಸಲಕರಣೆಗಳು ಈಗ ತುಂಬಾ ಬರುತ್ತಿವೆ. ನೂರರಲ್ಲಿ 95 ನಿಖರ ಎಂದು ಯಾರಾದರೂ ಹೇಳಿದರೆ ನಾನು ಕೇಳುವ ಮೊದಲ ಪ್ರಶ್ನೆ: ನಿಜವಾಗಿ ದೋಷ ಇದ್ದ ಕಡೆ ಎಷ್ಟು ಸಿಕ್ಕಿತು? ನೂರು ಬಿಲ್ಡ್‌ಗಳಲ್ಲಿ (ಪರೀಕ್ಷೆಗೆ ಬರುವ ಸಾಫ್ಟ್‌ವೇರ್ ಆವೃತ್ತಿಗಳಲ್ಲಿ) ಐದರಲ್ಲಿ ಮಾತ್ರ ದೋಷ ಇದ್ದರೆ, ಯಾವುದನ್ನೂ ನೋಡದೆ ಎಲ್ಲ ಸರಿ ಇದೆ ಅನ್ನುವ ಸಲಕರಣೆಗೂ 95 ಬರುತ್ತದೆ. ಈ ಒಂದು ಪ್ರಶ್ನೆಯಿಂದ ನಮ್ಮ ಮೀಟಿಂಗ್‌ಗಳ ದಿಕ್ಕೇ ಬದಲಾಗಿದ್ದನ್ನು ನೋಡಿದ್ದೇನೆ.

ಇನ್ನು ಕೊರತೆಗಳು. ಕೊನೆಯ ಎರಡು ಲೆಕ್ಚರ್ ತೆಳುವಾಯಿತು ಎಂದು ನನ್ನ ಭಾವನೆ. ನ್ಯೂರಲ್ ನೆಟ್‌ವರ್ಕಿಗೆ ಒಂದು, ಭಾಷೆಗೆ ಒಂದು. ಬ್ಯಾಕ್‌ಪ್ರೊಪಗೇಶನ್ (ತಪ್ಪನ್ನು ಹಿಂದಕ್ಕೆ ಲೆಕ್ಕ ಹಾಕಿ ನೆಟ್‌ವರ್ಕನ್ನು ತಿದ್ದುವ ವಿಧಾನ) ಏನು ಮಾಡುತ್ತದೆ ಎಂದು ಹೇಳುತ್ತಾರೆ, ಅದರ ಗಣಿತ ಮಾಡಿಸುವುದಿಲ್ಲ. ಟೆನ್ಸರ್‌ಫ್ಲೋ ಎಂಬ ರೆಡಿ ಲೈಬ್ರರಿ ಕರೆದರೆ ಕೆಲಸ ಆಗಿಬಿಡುತ್ತದೆ. ಮೊದಲ ನಾಲ್ಕರಲ್ಲಿ ಎಲ್ಲವನ್ನೂ ಬಿಚ್ಚಿ ನೋಡಿ ಬಂದವರಿಗೆ ಇಲ್ಲಿ ಬಾಗಿಲು ಮುಚ್ಚಿದ ಹಾಗೆ ಅನ್ನಿಸುತ್ತದೆ. ಕೊನೆಯ ಪ್ರಾಜೆಕ್ಟಿನಲ್ಲಿ ಬರ್ಟ್ ಎಂಬ ಭಾಷಾ ಮಾದರಿಯ 144 ಅಟೆನ್ಶನ್ ಹೆಡ್‌ಗಳು ಯಾವ ಪದದಿಂದ ಯಾವ ಪದದ ಕಡೆ ನೋಡುತ್ತವೆ ಎಂದು ಚಿತ್ರ ಬಿಡಿಸಿ ಗಮನಿಸಬೇಕು. ಕುತೂಹಲ ಹುಟ್ಟಿಸುತ್ತದೆ, ತಣಿಸುವುದಿಲ್ಲ. ಚಾಟ್‌ಜಿಪಿಟಿಯಂಥದ್ದು ಒಳಗೆ ಹೇಗೆ ನಡೆಯುತ್ತದೆ ಎಂದು ತಿಳಿಯಲು ಸೇರುವವರಿಗೆ ಇಷ್ಟು ಸಾಲದು.

ವಾಕ್ಯದ ರಚನೆ ಬಿಡಿಸುವ ಪಾರ್ಸರ್ ಪ್ರಾಜೆಕ್ಟಿನ ವ್ಯಾಕರಣವೂ ಇಂಗ್ಲಿಷಿಗೆ ಒಗ್ಗಿದ್ದು. ಅಲ್ಲಿ ಪದಗಳ ಕ್ರಮವೇ ಅರ್ಥ ಹೇಳುತ್ತದೆ. 'ರಾಮ ಮರವನ್ನು ಕಡಿದ' ಎಂದರೂ 'ಮರವನ್ನು ರಾಮ ಕಡಿದ' ಎಂದರೂ ನಮಗೆ ಒಂದೇ, ಯಾಕೆಂದರೆ ಕೆಲಸ ಮಾಡುವುದು ವಿಭಕ್ತಿ. ಕನ್ನಡಕ್ಕೆ ನಿಯಮ ಬರೆಯಲು ಹೋದರೆ ಮೊದಲು ಪದದ ಬಾಲವನ್ನು ಬಿಡಿಸಬೇಕು. ಇದು ಕೋರ್ಸಿನ ತಪ್ಪಲ್ಲ. ಆದರೆ ನಮ್ಮ ಭಾಷೆಗೆ ಕೆಲಸ ಮಾಡುವ ಆಸೆ ಇರುವವರು ಇಲ್ಲಿಂದ ಮುಂದೆ ಬೇರೆ ದಾರಿ ಹುಡುಕಬೇಕು.

ಚಾಟ್‌ಜಿಪಿಟಿಯಿಂದ ಕೋಡ್ ಬರೆಸಿ ಸಲ್ಲಿಸುವುದಕ್ಕೆ ಕೋರ್ಸಿನ ನಿಯಮದಲ್ಲೇ ಅವಕಾಶ ಇಲ್ಲ. ತಂಡದವರೇ ಮಾಡಿದ ಬಾತುಕೋಳಿ ಹೆಸರಿನ ಸಹಾಯಕವನ್ನು ಮಾತ್ರ ಕೇಳಬಹುದು. ಅದು ಉತ್ತರ ಕೊಡದೆ ಸುಳಿವು ಕೊಡುತ್ತದೆ. ಈ ನಿಯಮವನ್ನು ದಯವಿಟ್ಟು ಪಾಲಿಸಿ. ಇಲ್ಲಿನ ಹನ್ನೆರಡು ಪ್ರಾಜೆಕ್ಟುಗಳಿಗೂ ರೆಡಿ ಉತ್ತರ ಹೊರಗೆ ಸಿಗುತ್ತದೆ. ಅದನ್ನು ತಂದು ಅಂಟಿಸಿದವರ ಕೈಗೂ ಸರ್ಟಿಫಿಕೇಟ್ ಬರುತ್ತದೆ, ಮೈನ್‌ಸ್ವೀಪರ್ ಗೆದ್ದ ಆ ಸಂಜೆ ಮಾತ್ರ ಬರುವುದಿಲ್ಲ.

ಸರ್ಟಿಫಿಕೇಟಿನ ಬೆಲೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಪರೀಕ್ಷಾ ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆ ಇಲ್ಲಿ ಇಲ್ಲ. ಕಾಲೇಜು ಅಥವಾ ಕೆಲಸಕ್ಕೆ ಪುರಾವೆ ಬೇಕಾದವರಿಗೆ ಐಐಟಿಗಳು ಮತ್ತು ಐಐಎಸ್ಸಿ ನಡೆಸುವ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್ ಮೇಲು. ಐಐಟಿ ಮದ್ರಾಸಿನಲ್ಲಿ ಪ್ರೊಫೆಸರ್ ಆಗಿದ್ದ ದೀಪಕ್ ಖೇಮಾನಿ ಅವರ ಎಐ ಪಾಠಗಳು ಅಲ್ಲಿವೆ, ನೋಡುವುದಕ್ಕೆ ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ಹುಡುಕಾಟದ ವಿಧಾನಗಳನ್ನು ಅವರು ಇನ್ನೂ ಆಳವಾಗಿ, ನಿಧಾನವಾಗಿ ಹೇಳುತ್ತಾರೆ. ಸಿಎಸ್50ರಲ್ಲಿ ಕೈ ಪಳಗಿಸಿಕೊಂಡು ನಾನೀಗ ಅದನ್ನೇ ನೋಡುತ್ತಿದ್ದೇನೆ. ಈ ಕ್ರಮವೇ ಸರಿ ಅನ್ನಿಸಿದೆ.

ಶುರು ಮಾಡುವ ಮೊದಲು ಪೈಥಾನ್ ಗಟ್ಟಿ ಇರಲಿ. ಬರದವರು ಅದೇ ತಂಡದ ಪೈಥಾನ್ ಕೋರ್ಸನ್ನು ಮೊದಲು ಮುಗಿಸಿ, ಅದೂ ಉಚಿತ. ಸೆಟ್, ಡಿಕ್ಷನರಿ, ಕ್ಲಾಸ್ ಇಷ್ಟು ಸಲೀಸಾಗಿ ಬರಬೇಕು. ರಿಕರ್ಷನ್ (ಫಂಕ್ಷನ್ ತನ್ನನ್ನೇ ಕರೆದುಕೊಳ್ಳುವುದು) ಅಂತೂ ಬೇಕೇ ಬೇಕು. ಎರಡನೇ ಪ್ರಾಜೆಕ್ಟಾದ ಟಿಕ್-ಟ್ಯಾಕ್-ಟೋದಲ್ಲಿ ಬರುವ, ಆಟದ ನಡೆ ಆರಿಸುವ ಮಿನಿಮ್ಯಾಕ್ಸ್ ಎಂಬ ವಿಧಾನ ಪೂರ್ತಿ ಅದರ ಮೇಲೆಯೇ ನಿಂತಿದೆ. ಹಳೆಯ ಲ್ಯಾಪ್‌ಟಾಪ್ ಇದ್ದರೂ ಚಿಂತೆ ಇಲ್ಲ, ತಂಡದವರು ಕೊಡುವ ಆನ್‌ಲೈನ್ ಎಡಿಟರಿನಲ್ಲಿ ಕೋಡ್ ಬರೆಯಬಹುದು.