ಕೂಬುಸ್ ಕ್ಯಾಂಡಲ್ ಸ್ಟ್ಯಾಂಡ್: ಮೂಡಿಗೆರೆ ಮಳೆಯಲ್ಲಿ ಏಳು ವರ್ಷ

ನಮ್ಮದು ಮೂಡಿಗೆರೆ ಹತ್ತಿರದ ತೋಟದ ಮನೆ. ಜೂನ್ ಬಂತೆಂದರೆ ಕರೆಂಟನ್ನು ನಂಬುವ ಹಾಗಿಲ್ಲ. ಗಾಳಿಗೆ ಒಂದು ಸಿಲ್ವರ್ ಮರ ಲೈನಿನ ಮೇಲೆ ಉರುಳಿದರೆ ಎರಡು ಮೂರು ದಿನ ಕತ್ತಲೆ. ಯುಪಿಎಸ್ ಮೊದಲ ರಾತ್ರಿಗೇ ಕೈಕೊಡುತ್ತದೆ. ಹಾಗಾಗಿ ಈ ಸ್ಟ್ಯಾಂಡ್ ನಮ್ಮಲ್ಲಿ ಶೋಕೇಸಿನಲ್ಲಿ ಕೂರಲಿಲ್ಲ. ಮಳೆಗಾಲವೆಲ್ಲ ಊಟದ ಮೇಜಿನ ಮೇಲೇ ಇರುತ್ತದೆ.

ಏಳು ವರ್ಷದ ಹಿಂದೆ ಡೆನ್ಮಾರ್ಕಿನಿಂದ ಬಂದ ತಮ್ಮ ತಂದುಕೊಟ್ಟಿದ್ದು. ಹೆಸರು ಕೂಬುಸ್, ನಾಲ್ಕು ಮೇಣದಬತ್ತಿಯದು. ತೆಳ್ಳಗಿನ ಕಪ್ಪು ಸರಳುಗಳು, ಅವುಗಳ ತುದಿಯಲ್ಲಿ ನಾಲ್ಕು ಚೌಕ ಬಟ್ಟಲು. 14 ಸೆಂಟಿಮೀಟರ್ ಅಗಲ, 20 ಸೆಂಟಿಮೀಟರ್ ಎತ್ತರ, ಅಷ್ಟೇ. ಪೆಟ್ಟಿಗೆಯಿಂದ ತೆಗೆದಾಗ ಅತ್ತೆ, "ಇದೇನಮ್ಮ, ಬರೀ ಕಂಬಿ!" ಅಂದರು. ನನಗೂ ಹಾಗೇ ಅನ್ನಿಸಿತ್ತು. ಬೇಲೂರಿನ ಕಂಬಗಳನ್ನು ನೋಡಿ ಬೆಳೆದ ಕಣ್ಣು ನಮ್ಮದು, ಅಲ್ವಾ? ಅಲ್ಲಿ ಬೆರಳಗಲ ಜಾಗವೂ ಖಾಲಿ ಇಲ್ಲ. ಇದರಲ್ಲಿ ಒಂದು ಹೂವೂ ಇಲ್ಲ, ಬಳ್ಳಿಯೂ ಇಲ್ಲ.

ಮೊದಲ ಸಲ ಹಚ್ಚಿದ ರಾತ್ರಿ ನನ್ನ ಅಭಿಪ್ರಾಯ ಬದಲಾಯಿತು. ಹೊರಗೆ ಹೆಂಚಿನ ಮೇಲೆ ಮಳೆಯ ಸದ್ದು. ನಾಲ್ಕು ಬತ್ತಿ ಹತ್ತಿಕೊಂಡಾಗ ಕಪ್ಪು ಸರಳುಗಳು ಕತ್ತಲಲ್ಲಿ ಕರಗಿಹೋದವು. ಬಟ್ಟಲುಗಳು ಮಾತ್ರ ಗಾಳಿಯಲ್ಲಿ ನಿಂತ ಹಾಗೆ ಕಂಡವು. ಗೋಡೆಯ ಮೇಲೆ ನೆಟ್ಟಗಿನ ಗೆರೆಗಳ ನೆರಳು. ಇನ್ನೊಂದು ವಿಷಯ, ಸರಳು ತೆಳ್ಳಗಿರುವುದರಿಂದ ಎದುರು ಕೂತವರಿಗೆ ಏನೂ ಅಡ್ಡ ಬರುವುದಿಲ್ಲ. ಸಾರು ಬಡಿಸುವಾಗ ತಟ್ಟೆ ಕಾಣುತ್ತದೆ, ಮಗಳು ಅದರ ಬೆಳಕಲ್ಲೇ ಲೆಕ್ಕ ಮಾಡುತ್ತಾಳೆ. ದಪ್ಪ ಕಂಬದ ಹಿತ್ತಾಳೆ ಸ್ಟ್ಯಾಂಡೊಂದು ಮನೆಯಲ್ಲಿತ್ತು. ಅದರ ನೆರಳೇ ಅರ್ಧ ಮೇಜು ತಿನ್ನುತ್ತಿತ್ತು.

ಇದನ್ನು ಮಾಡಿದವರು ಯಾರು ಎಂದು ಹುಡುಕಿ ಓದಿದೆ. ಮೊಗೆನ್ಸ್ ಲಾಸೆನ್, ಡೆನ್ಮಾರ್ಕಿನ ಆರ್ಕಿಟೆಕ್ಟ್. 1901ರಲ್ಲಿ ಹುಟ್ಟಿದವರು, ಮೊದಲು ಕಲಿತದ್ದು ಗಾರೆ ಕೆಲಸ. ಆಮೇಲೆ ಪ್ಯಾರಿಸ್‌ಗೆ ಹೋದಾಗ ಲಾಸೆನ್ ಅಲ್ಲಿ ಲೆ ಕಾರ್ಬೂಸಿಯೇ ಎಂಬ ಆರ್ಕಿಟೆಕ್ಟರ ಕೆಲಸ ನೋಡಿ ಮನಸೋತರು. ನಮ್ಮ ಚಂಡೀಗಢದ ನಕ್ಷೆ ಮಾಡಿದ ಕಾರ್ಬೂಸಿಯೇ, ಅವರೇ. ಊರಿಗೆ ಮರಳಿದ ಮೇಲೆ, 1930ರ ದಶಕದಲ್ಲಿ, ಕೋಪನ್‌ಹೇಗನ್ ಬಳಿ ಲಾಸೆನ್ ಕಟ್ಟಿದ್ದು ಡಬ್ಬಿಯಂಥ ಬಿಳಿ ಮನೆಗಳು. 1942ರಲ್ಲಿ ಮೂರು ಕಾಲಿನ ಮರದ ಸ್ಟೂಲ್ ಒಂದನ್ನು ಮಾಡಿದರು. ಚಪ್ಪಲಿ ಹೊಲಿಯುವವರು ಕೂರುವ ಸ್ಟೂಲೇ ಅದಕ್ಕೆ ಮಾದರಿ. ಕೂಬುಸ್ ಬಂದದ್ದು 1962ರಲ್ಲಿ. ಆಗ ಅವರಿಗೆ ಅರವತ್ತು ದಾಟಿತ್ತು. ಗಾರೆ ಕೆಲಸದವರ ತೂಕದ ದಾರ, ರಸಮಟ್ಟ ಈ ಪುಟ್ಟ ವಸ್ತುವಿನಲ್ಲೂ ಇದೆ ಎಂದು ನನಗೆ ಅನ್ನಿಸುತ್ತದೆ. ಯಾವ ಕಡೆಯಿಂದ ನೋಡಿದರೂ ಗೆರೆಗೆ ಗೆರೆ ಕೂಡುತ್ತದೆ.

ಈಗ ಕಷ್ಟಗಳು. ಇದಕ್ಕೆ ಸುಮಾರು ಎರಡು ಸೆಂಟಿಮೀಟರ್ ದಪ್ಪದ ನೆಟ್ಟಗಿನ ಬತ್ತಿ ಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವ ಸಾಮಾನ್ಯ ಬತ್ತಿ ಇನ್ನೂ ತೆಳು, ನಿಲ್ಲದೆ ವಾಲುತ್ತದೆ. ಮೊದಲ ವರ್ಷ ಹಾಗೆ ವಾಲಿ, ಕಿಟಕಿಯ ಗಾಳಿಗೆ ಮೇಣವೆಲ್ಲ ಮೇಜಿನ ಮೇಲೆ ಸುರಿಯಿತು. ಈಗ ಕ್ರಿಸ್‌ಮಸ್ ಹತ್ತಿರ ಚಿಕ್ಕಮಗಳೂರಿಗೆ ಹೋದಾಗ ದಪ್ಪ ಬತ್ತಿಗಳನ್ನು ಒಟ್ಟಿಗೇ ತಂದಿಡುತ್ತೇನೆ. ತೆಳು ಬತ್ತಿಯೇ ಗತಿಯಾದರೆ ಬುಡಕ್ಕೆ ಫಾಯಿಲ್ ಸುತ್ತುತ್ತೇನೆ. ಕಾಗದ ಮಾತ್ರ ಸುತ್ತಬೇಡಿ, ಬತ್ತಿ ಮುಗಿಯುವಾಗ ಹೊತ್ತಿಕೊಳ್ಳುತ್ತದೆ.

ಎರಡನೆಯದು ತುಕ್ಕು. ಇದು ನನ್ನದೇ ತಪ್ಪು. ಬಟ್ಟಲಿನ ಮೇಣವನ್ನು ಚಾಕುವಿನಿಂದ ಕೆರೆದೆ, ಬಣ್ಣ ಎದ್ದುಹೋಯಿತು. ತೊಳೆದು ಒದ್ದೆಯಾಗಿಯೇ ಇಟ್ಟೆ. ಆ ಆಗಸ್ಟ್‌ನಲ್ಲಿ ಬಟ್ಟೆಯೇ ವಾರಗಟ್ಟಲೆ ಒಣಗಿರಲಿಲ್ಲ, ಇನ್ನು ಲೋಹ ಸುಮ್ನೆ ಇರುತ್ತದೆಯೇ? ಮೂಲೆಯಲ್ಲಿ ಕೆಂಪು ಚುಕ್ಕೆ ಬಂತು. ನುಣುಪು ಉಪ್ಪುಕಾಗದದಲ್ಲಿ ಉಜ್ಜಿ, ಹೊಳಪಿಲ್ಲದ ಕಪ್ಪು ಸ್ಪ್ರೇ ಹೊಡೆದೆ. ಹತ್ತಿರ ಹಿಡಿದು ನೋಡಿದರೆ ಆ ಬಟ್ಟಲಿನ ಕಪ್ಪು ಸ್ವಲ್ಪ ಬೇರೆ, ದೂರಕ್ಕೆ ಗೊತ್ತಾಗದು. ಈಗ ಹಂಡೆಯ ಬಿಸಿನೀರು ಸುರಿದು ಮೇಣ ಕರಗಿಸುತ್ತೇನೆ, ಕೂಡಲೇ ಹಳೇ ಪಂಚೆಯಲ್ಲಿ ಒರೆಸಿ ಒಲೆಯ ಪಕ್ಕ ಇಡುತ್ತೇನೆ. ಆಮೇಲೆ ತುಕ್ಕು ಬಂದಿಲ್ಲ.

ಬೆಲೆ ಜಾಸ್ತಿ. ಬರೀ ಬೆಳಕು ಬೇಕಿದ್ದರೆ ಇದು ಬೇಡ, ಒಂದು ಚಾರ್ಜಿಂಗ್ ಲೈಟ್ ಸಾಕು. ಆದರೆ ಕರೆಂಟ್ ಹೋದ ರಾತ್ರಿ ಮನೆಯವರೆಲ್ಲ ಒಂದೇ ಮೇಜಿನ ಸುತ್ತ ಕೂರುವ ಮನೆ ನಿಮ್ಮದಾಗಿದ್ದರೆ ಧೈರ್ಯವಾಗಿ ಕೊಳ್ಳಿ. ದೇವರ ಮುಂದೆ ನಮ್ಮ ಹಿತ್ತಾಳೆ ದೀಪವೇ ಉರಿಯುತ್ತದೆ, ಅದರ ಮಾತು ಬೇರೆ. ಮೇಜಿನ ಮೇಲೆ ಮಾತ್ರ ಈಗ ಅತ್ತೆಯೇ, "ಆ ಕಂಬಿ ದೀಪ ತಾರಮ್ಮ" ಅನ್ನುತ್ತಾರೆ.